ಬಾಯಿಯ ಕಿರು ಲಾಲಾಗ್ರಂಥಿಗಳ ಸ್ರಾವವನ್ನು ಅಳೆಯುವ ಬಗೆ

ಬಾಯಿ ಒಣಗುತ್ತದೆ ಎಂದು ದೂರುವವರಲ್ಲಿ ಕೆಲವರ ಒಟ್ಟು ಜೊಲ್ಲನ್ನು ಬಟ್ಟಲಿನಲ್ಲಿ ಹಿಡಿದು ಅಳೆದರೆ ಪ್ರಮಾಣ ಸರಿಯಾಗಿಯೇ ಇರುತ್ತದೆ. ಆಗ ಆ ದೂರನ್ನು ಮನಸ್ಸಿನ ಭ್ರಮೆಯೆಂದು ಬದಿಗಿಡುವುದು ಸುಲಭ, ಆದರೆ ನ್ಯಾಯವಲ್ಲ. ಬಟ್ಟಲಿಗೆ ಬೀಳುವ ಜೊಲ್ಲು ಬಹುಪಾಲು ಪೆರೋಟಿಡ್, ಸಬ್‌ಮ್ಯಾಂಡಿಬುಲರ್ ಮತ್ತು ಸಬ್‌ಲಿಂಗುವಲ್ ಎಂಬ ಮೂರು ಜೋಡಿ ದೊಡ್ಡ ಗ್ರಂಥಿಗಳದ್ದು. ತುಟಿಯ ಒಳಭಾಗ, ಕೆನ್ನೆ, ಅಂಗುಳ ಇವುಗಳ ಮೇಲ್ಮೈಯನ್ನು ಅಲ್ಲಲ್ಲೇ ತೇವವಾಗಿಡುವ ಕೆಲಸದಲ್ಲಿ ಮುಖ್ಯ ಪಾಲು ಲೋಳೆಪೊರೆಯ ಅಡಿಯಲ್ಲಿ ಹುದುಗಿರುವ ಕಿರು ಲಾಲಾಗ್ರಂಥಿಗಳದ್ದು. ಅವುಗಳ ಸ್ಥಿತಿ ತಿಳಿಯಬೇಕಾದರೆ ಅವುಗಳನ್ನೇ ಅಳೆಯಬೇಕು. ದಂತವೈದ್ಯ ವಿದ್ಯಾರ್ಥಿಗಳು, ಸಂಶೋಧನೆ ಕೈಗೊಳ್ಳುವವರು ಮತ್ತು ಬಾಯಿಯ ರೋಗಗಳ ಚಿಕಿತ್ಸಾಲಯದಲ್ಲಿ ಕೆಲಸ ಮಾಡುವವರು ಈ ಅಳತೆಯನ್ನು ನಂಬಿಕೆಗೆ ಅರ್ಹವಾಗುವಂತೆ ಮಾಡುವುದು ಹೇಗೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಈ ಗ್ರಂಥಿಗಳ ಸಂಖ್ಯೆ ಸುಮಾರು 600ರಿಂದ 1000. ಒಂದೊಂದರ ಗಾತ್ರ ಒಂದರಿಂದ ಐದು ಮಿಲಿಮೀಟರಿನಷ್ಟು. ಪ್ರತಿಯೊಂದು ಗುಂಪಿಗೂ ತನ್ನದೇ ಕಿರುನಾಳವಿದ್ದು, ಅದು ನೇರವಾಗಿ ಲೋಳೆಪೊರೆಯ ಮೇಲೆ ತೆರೆದುಕೊಳ್ಳುತ್ತದೆ. ವಸಡಿನಲ್ಲಿ ಮತ್ತು ಗಟ್ಟಿ ಅಂಗುಳದ ಮುಂಭಾಗದಲ್ಲಿ ಇವು ಇರುವುದಿಲ್ಲ. ಒಟ್ಟು ಜೊಲ್ಲಿನ ಪ್ರಮಾಣದಲ್ಲಿ ಇವುಗಳ ಪಾಲು ಶೇಕಡಾ 10ಕ್ಕಿಂತ ಕಡಿಮೆಯಾದರೂ, ಜೊಲ್ಲಿಗೆ ಜಾರುವ ಗುಣ ಕೊಡುವ ಮ್ಯೂಸಿನ್‌ಗಳಲ್ಲಿ ದೊಡ್ಡ ಭಾಗ ಮತ್ತು ಸೋಂಕನ್ನು ತಡೆಯುವ ಇಮ್ಯುನೋಗ್ಲಾಬ್ಯುಲಿನ್ ಎ ಪ್ರತಿಕಾಯದ ಸುಮಾರು ಮೂರನೇ ಒಂದು ಭಾಗ ಇವುಗಳಿಂದಲೇ ಬರುತ್ತದೆ. ನಿದ್ದೆಯಲ್ಲಿ ದೊಡ್ಡ ಗ್ರಂಥಿಗಳು ಬಹುಮಟ್ಟಿಗೆ ಸುಮ್ಮನಾದಾಗಲೂ ಇವು ನಿಧಾನವಾಗಿ ಸ್ರವಿಸುತ್ತಲೇ ಇರುತ್ತವೆ.

ಅಳತೆಯ ಕಷ್ಟವೆಲ್ಲ ಈ ಸ್ರಾವದ ಅಲ್ಪತೆಯಲ್ಲಿದೆ. ಒಂದು ಚದರ ಸೆಂಟಿಮೀಟರ್ ಲೋಳೆಪೊರೆಯಿಂದ ಒಂದು ನಿಮಿಷದಲ್ಲಿ ಹೊರಬರುವುದು ಸಾಮಾನ್ಯವಾಗಿ ಕೆಲವೇ ಮೈಕ್ರೋಲೀಟರ್, ಅಂಗುಳದಂಥ ಕಡೆ ಅದಕ್ಕಿಂತಲೂ ಕಡಿಮೆ. ಮತ್ತೊಂದು ಕಡೆ, ಉಗುಳು ನುಂಗಿದ ಮೇಲೂ ಬಾಯಿಯ ಮೇಲ್ಮೈಯಲ್ಲಿ ಎಲ್ಲ ಗ್ರಂಥಿಗಳ ಜೊಲ್ಲು ಬೆರೆತ ತೆಳು ಪದರವೊಂದು ಉಳಿದಿರುತ್ತದೆ. ಆ ಪದರದ ದಪ್ಪ ಕೇವಲ 10 ಮೈಕ್ರೋಮೀಟರ್ ಎಂದಿಟ್ಟುಕೊಳ್ಳಿ. ಅದರ ಮೇಲೆ 8 ಮಿ.ಮೀ. ವ್ಯಾಸದ ಕಾಗದದ ಬಿಲ್ಲೆಯನ್ನು ಇಟ್ಟರೆ, ಬಿಲ್ಲೆಯ ವಿಸ್ತೀರ್ಣ 0.50 ಚದರ ಸೆಂ.ಮೀ. ಆದ್ದರಿಂದ, ಗ್ರಂಥಿ ಒಂದು ಹನಿಯನ್ನೂ ಸ್ರವಿಸದೆ ಇದ್ದರೂ 0.5 ಮೈಕ್ರೋಲೀಟರ್ ದ್ರವ ಕಾಗದಕ್ಕೆ ಸೇರಿಬಿಡುತ್ತದೆ. ನಾವು ಹುಡುಕುತ್ತಿರುವ ಮೊತ್ತವೇ ಅಷ್ಟಿರಬಹುದು! ಹಾಗಾಗಿ ಈ ಅಳತೆಯಲ್ಲಿ ಉಪಕರಣದ ಬೆಲೆಗಿಂತ, ಮೇಲ್ಮೈಯನ್ನು ಒಣಗಿಸಿ ಬೇರ್ಪಡಿಸುವ ಕೈಯ ಶಿಸ್ತೇ ಹೆಚ್ಚು ನಿರ್ಣಾಯಕ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪರೀಕ್ಷೆಗೆ ಮುನ್ನ

ಪರೀಕ್ಷೆಗೆ ಒಳಗಾಗುವವರು ಕನಿಷ್ಠ ಒಂದು ಗಂಟೆ, ಸಾಧ್ಯವಾದರೆ ಎರಡು ಗಂಟೆ ಮುಂಚಿನಿಂದ ಏನನ್ನೂ ತಿನ್ನದೆ, ನೀರನ್ನು ಬಿಟ್ಟು ಬೇರೇನೂ ಕುಡಿಯದೆ, ಧೂಮಪಾನ ಮಾಡದೆ, ಹಲ್ಲುಜ್ಜದೆ, ಚೂಯಿಂಗ್ ಗಮ್ ಜಗಿಯದೆ ಇರಬೇಕೆಂದು ಮೊದಲೇ ತಿಳಿಸಬೇಕು. ತುಟಿಗೆ ಹಚ್ಚಿದ ಬಣ್ಣ ಅಥವಾ ಮುಲಾಮು ಇದ್ದರೆ ಅದನ್ನು ಪೂರ್ತಿ ಒರೆಸಿ ತೆಗೆಯಬೇಕು, ಏಕೆಂದರೆ ಅದರ ಎಣ್ಣೆಯಂಶ ಕಾಗದಕ್ಕೆ ಅಂಟಿದರೆ ತೂಕವೂ ಕೆಡುತ್ತದೆ, ಹೀರುವ ಗುಣವೂ ಕೆಡುತ್ತದೆ. ಜೊಲ್ಲಿನ ಸ್ರಾವ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುವುದರಿಂದ, ಒಬ್ಬರನ್ನೇ ಮತ್ತೆ ಮತ್ತೆ ಅಳೆಯುವುದಿದ್ದರೆ ಪ್ರತಿ ಸಲವೂ ಒಂದೇ ಹೊತ್ತನ್ನು ಆರಿಸಿಕೊಳ್ಳಿ.

ಅವರು ಸೇವಿಸುತ್ತಿರುವ ಔಷಧಿಗಳ ಪಟ್ಟಿಯನ್ನು ಬರೆದುಕೊಳ್ಳುವುದು ಔಪಚಾರಿಕತೆಯಲ್ಲ. ಅಲರ್ಜಿಗೆ ಕೊಡುವ ಹಳೆಯ ಬಗೆಯ ಆಂಟಿಹಿಸ್ಟಮಿನ್‌ಗಳು, ಟ್ರೈಸೈಕ್ಲಿಕ್ ಖಿನ್ನತೆ ನಿವಾರಕಗಳು, ಅತಿಕ್ರಿಯ ಮೂತ್ರಕೋಶಕ್ಕೆ ಕೊಡುವ ಆಂಟಿಕೋಲಿನರ್ಜಿಕ್‌ಗಳು, ಮೂತ್ರವರ್ಧಕಗಳು ಇವೆಲ್ಲ ಬಾಯಿಯ ತೇವದ ಮೇಲೆ ಪರಿಣಾಮ ಬೀರುತ್ತವೆ. ಅಳತೆಗಾಗಿ ಯಾವ ಔಷಧಿಯನ್ನೂ ನಿಲ್ಲಿಸಲು ಹೇಳಬಾರದು. ಕೊನೆಯ ಗುಳಿಗೆ ತೆಗೆದುಕೊಂಡ ಹೊತ್ತನ್ನು ದಾಖಲಿಸಿದರೆ ಸಾಕು.

ಬಂದವರನ್ನು ನೇರವಾಗಿ ಕೂರಿಸಿ, ಐದರಿಂದ ಹತ್ತು ನಿಮಿಷ ಮಾತಿಲ್ಲದೆ ವಿಶ್ರಮಿಸಲು ಬಿಡಿ. ಫ್ಯಾನಿನ ಗಾಳಿ ಮುಖದ ಮೇಲೆ ಬೀಳದಂತೆ ನೋಡಿಕೊಳ್ಳಿ. ಕೋಣೆಯ ಉಷ್ಣಾಂಶ ಮತ್ತು ತೇವಾಂಶವನ್ನು ಬರೆದಿಡಿ. ಒಟ್ಟು ಜೊಲ್ಲಿನ ಅಳತೆಯೂ ಅದೇ ದಿನ ಆಗಬೇಕಿದ್ದರೆ ಮೊದಲು ಕಿರು ಗ್ರಂಥಿಗಳು, ನಂತರ ಪ್ರಚೋದನೆಯಿಲ್ಲದ ಒಟ್ಟು ಜೊಲ್ಲು, ಎಲ್ಲಕ್ಕಿಂತ ಕೊನೆಗೆ ಮೇಣ ಜಗಿಸಿ ತೆಗೆಯುವ ಪ್ರಚೋದಿತ ಜೊಲ್ಲು ಎಂಬ ಕ್ರಮವನ್ನು ಬದಲಿಸಬೇಡಿ. ಜಗಿದ ಮೇಲೆ ಬಾಯಿ ಬೇಗನೆ ತನ್ನ ವಿಶ್ರಾಂತ ಸ್ಥಿತಿಗೆ ಮರಳುವುದಿಲ್ಲ.

ಎಲ್ಲಿ ಅಳೆಯಬೇಕು

ಕೆಳತುಟಿಯ ಒಳಭಾಗ ಎಲ್ಲಕ್ಕಿಂತ ಅನುಕೂಲವಾದ ಜಾಗ. ತುಟಿಯನ್ನು ಹೊರಕ್ಕೆ ಮಡಚಿದರೆ ಕಣ್ಣಿಗೆ ಕಾಣುತ್ತದೆ, ಕೈಗೆ ಎಟಕುತ್ತದೆ, ಗ್ರಂಥಿಗಳೂ ಒತ್ತಾಗಿವೆ. ನಡುಗೆರೆಗೂ ಕೋರೆಹಲ್ಲಿನ ನೇರಕ್ಕೂ ನಡುವಿನ ಸಪಾಟು ಭಾಗವನ್ನು ಆರಿಸಿ. ತುಟಿಯ ಕೆಂಪು ಅಂಚಾಗಲೀ ತುಟಿಯನ್ನು ವಸಡಿಗೆ ಬಂಧಿಸುವ ಮಡಿಕೆಯಾಗಲೀ ಕಾಗದದ ಅಡಿಗೆ ಬರಬಾರದು.

ತುಟಿ, ಕೆನ್ನೆ, ಅಂಗುಳ ಈ ಮೂರು ಜಾಗಗಳಲ್ಲಿ ಕೆನ್ನೆಯ ಒಳಭಾಗದ ಗ್ರಂಥಿಗಳೇ ಹೆಚ್ಚು ಸ್ರವಿಸುವಂಥವು, ಆದರೆ ಅಲ್ಲಿ ಎಚ್ಚರವೂ ಹೆಚ್ಚು ಬೇಕು. ಮೇಲಿನ ಎರಡನೆಯ ದವಡೆಹಲ್ಲಿಗೆ ಎದುರಾಗಿ ಪೆರೋಟಿಡ್ ಗ್ರಂಥಿಯ ನಾಳ, ಅಂದರೆ ಸ್ಟೆನ್ಸನ್ ನಾಳ, ತೆರೆದುಕೊಳ್ಳುತ್ತದೆ. ಅಲ್ಲಿಂದ ಜಾರಿದ ಒಂದೇ ಒಂದು ಹನಿ ಕಾಗದವನ್ನು ತಲುಪಿದರೆ ಇಡೀ ಓದು, ಅಂದರೆ ಅಳತೆಯಿಂದ ಸಿಗುವ ಅಂಕಿ, ವ್ಯರ್ಥ. ನಾಳದ ಬಾಯಿಯ ಮೇಲೆ ಕಾಟನ್ ರೋಲ್ ಇಟ್ಟು ತಡೆದು, ಕಾಗದವನ್ನು ಅದಕ್ಕಿಂತ ಸಾಕಷ್ಟು ಕೆಳಗೆ ಮತ್ತು ಮುಂದೆ ಇಡಬೇಕು. 1910ರಲ್ಲಿ ಕಾರ್ಲ್‌ಸನ್ ಮತ್ತು ಕ್ರಿಟೆಂಡನ್ ರೂಪಿಸಿದ, ಹೀರುಬಲದಿಂದ ನಾಳದ ಮೇಲೆ ಕೂರುವ ಬಟ್ಟಲು ನಿಮ್ಮಲ್ಲಿದ್ದರೆ ಪೆರೋಟಿಡ್ ಜೊಲ್ಲನ್ನು ಬೇರೆಡೆಗೆ ತಿರುಗಿಸಲು ಅದು ಹತ್ತಿಗಿಂತ ಉತ್ತಮ.

ಅಂಗುಳದಲ್ಲಿ ಸ್ರಾವ ಅತಿ ಕಡಿಮೆ, ದ್ರವ ಅತಿ ಮಂದ. ಗ್ರಂಥಿಗಳಿರುವುದು ಹಿಂಭಾಗದಲ್ಲಿ, ಆದ್ದರಿಂದ ಮೊದಲ ಅಥವಾ ಎರಡನೆಯ ದವಡೆಹಲ್ಲಿನ ನೇರಕ್ಕೆ, ನಡುಗೆರೆಗೂ ವಸಡಿನ ಅಂಚಿಗೂ ಮಧ್ಯದ ಜಾಗವನ್ನು ಬಳಸಿ. ಇನ್ನೂ ಹಿಂದಕ್ಕೆ ಹೋದರೆ ಓಕರಿಕೆ ಬರುತ್ತದೆ, ಮತ್ತು ಓಕರಿಕೆ ಬಂದ ಕ್ಷಣವೇ ಜೊಲ್ಲು ಉಕ್ಕುತ್ತದೆ. ನಾಲಗೆಯ ಹಿಂಭಾಗದಲ್ಲಿ ರುಚಿಮೊಗ್ಗುಗಳಿರುವ ಉಬ್ಬುಗಳ ಸುತ್ತಲಿನ ಕಂದಕಗಳೊಳಗೆ ತೆರೆದುಕೊಳ್ಳುವ ಫಾನ್ ಎಬ್ನರ್ ಗ್ರಂಥಿಗಳನ್ನು ನಿತ್ಯದ ಪರೀಕ್ಷೆಯಲ್ಲಿ ಅಳೆಯುವುದಿಲ್ಲ.

ತೂಕದ ವಿಧಾನ

ವಿಶೇಷ ಉಪಕರಣವಿಲ್ಲದ ಪ್ರಯೋಗಾಲಯಕ್ಕೆ ಇದೇ ನೇರವಾದ ದಾರಿ. ಬೇಕಾಗುವುದು ವಾಟ್‌ಮನ್ 1ರಂಥ ಏಕರೂಪದ ಫಿಲ್ಟರ್ ಪೇಪರ್, ಅದನ್ನು ಕತ್ತರಿಸಲು ಹರಿತವಾದ ಪಂಚ್, ಬಿಗಿಯಾದ ಮುಚ್ಚಳದ ಚಿಕ್ಕ ಪ್ಲಾಸ್ಟಿಕ್ ಕೊಳವೆಗಳು, ಚಿಮುಟ, ಗಾಜ್ (ಗಾಯಕ್ಕೆ ಕಟ್ಟುವ ಜಾಳು ಹತ್ತಿಬಟ್ಟೆ), ಕಾಟನ್ ರೋಲ್, ಸ್ಟಾಪ್‌ವಾಚ್ ಮತ್ತು 0.01 ಮಿಲಿಗ್ರಾಂ ತೋರಿಸುವ ತಕ್ಕಡಿ. ತಕ್ಕಡಿಯ ವಿಷಯದಲ್ಲಿ ರಾಜಿ ಬೇಡ. ಹಿಡಿಯುವ ದ್ರವವೇ 0.75 ಮಿಲಿಗ್ರಾಂ ಇರುವಾಗ, 0.1 ಮಿಲಿಗ್ರಾಂವರೆಗೆ ಮಾತ್ರ ತೋರಿಸುವ ತಕ್ಕಡಿಯಲ್ಲಿ ಕೊನೆಯ ಅಂಕಿಯೊಂದು ಆಚೀಚೆಯಾದರೂ ಶೇಕಡಾ 13ರಷ್ಟು ದೋಷ ನುಸುಳುತ್ತದೆ. ಕಾಗದದ ಅಳತೆಗೂ ಇದೇ ಮಾತು. ಬಿಲ್ಲೆಯ ವ್ಯಾಸ 8 ಮಿ.ಮೀ. ಬದಲು 8.5 ಮಿ.ಮೀ. ಆದರೆ ವಿಸ್ತೀರ್ಣ ಶೇಕಡಾ 13ರಷ್ಟು ಹೆಚ್ಚುತ್ತದೆ. ಪಂಚ್ ಮೊಂಡಾಗಿ ಅಂಚು ಹರಿದ ಬಿಲ್ಲೆಗಳನ್ನು ಎಸೆಯಿರಿ.

8 ಮಿ.ಮೀ. ಬಿಲ್ಲೆಯೊಂದರ ತೂಕ ಸುಮಾರು 4.4 ಮಿಲಿಗ್ರಾಂ. ಕಾಗದ ಗಾಳಿಯ ತೇವವನ್ನು ಹೀರುತ್ತದೆ, ಒಣಹವೆಯಲ್ಲಿ ಬಿಟ್ಟುಕೊಡುತ್ತದೆ, ಮತ್ತು ಈ ಏರಿಳಿತ ಅದರ ತೂಕದ ಶೇಕಡಾ ಒಂದರಷ್ಟಾದರೂ ನಿಮ್ಮ ಲೆಕ್ಕದಲ್ಲಿ 0.04 ಮಿಲಿಗ್ರಾಂ ತಪ್ಪುತ್ತದೆ. ಇದಕ್ಕೆ ಪರಿಹಾರವಾಗಿ ಬಿಲ್ಲೆಯನ್ನು ಒಂಟಿಯಾಗಿ ತೂಗದೆ, ಸಂಖ್ಯೆ ಬರೆದ ಕೊಳವೆಯೊಳಗಿಟ್ಟು, ಮುಚ್ಚಳ ಹಾಕಿ, ಕೊಳವೆಯ ಸಮೇತ ತೂಗಿ. ಬೆರಳಿನಿಂದ ಎಂದೂ ಮುಟ್ಟಬೇಡಿ. ಜೊತೆಗೆ ಪ್ರತಿ ಸರಣಿಯಲ್ಲೂ ಒಂದು ಖಾಲಿ ಬಿಲ್ಲೆ ಇರಲಿ. ಅದನ್ನೂ ಕೊಳವೆಯಿಂದ ಹೊರತೆಗೆದು, ಬಾಯಿಗೆ ಇಡದೆ, ಅಷ್ಟೇ ಹೊತ್ತು ಗಾಳಿಯಲ್ಲಿ ಹಿಡಿದು, ಮರಳಿ ಕೊಳವೆಗೆ ಹಾಕಿ ತೂಗಬೇಕು. ಆ ಬಿಲ್ಲೆಯ ತೂಕದಲ್ಲಿ ಆದ ಬದಲಾವಣೆಯನ್ನು ಉಳಿದ ಓದುಗಳಿಂದ ಕಳೆಯಬೇಕು.

ಈಗ ತುಟಿಯ ಅಳತೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ಕೆಲಸದ ಕ್ರಮವನ್ನು ನೋಡೋಣ. ಮೊದಲು ಉಗುಳು ನುಂಗಲು ಹೇಳಿ. ಕೆಳತುಟಿಯನ್ನು ಮೆಲ್ಲಗೆ ಹೊರಕ್ಕೆ ಮಡಚಿ, ಹಲ್ಲು ಮತ್ತು ತುಟಿಯ ನಡುವಿನ ತಗ್ಗಿನಲ್ಲಿ ಎರಡೂ ಬದಿಗೆ ಕಾಟನ್ ರೋಲ್ ಇಡಿ. ಗಾಜ್ ತುಂಡನ್ನು ಲೋಳೆಪೊರೆಯ ಮೇಲೆ ಒತ್ತಿ ತೆಗೆಯಿರಿ. ಉಜ್ಜಬಾರದು, ಏಕೆಂದರೆ ಉಜ್ಜಿದರೆ ಗ್ರಂಥಿಗಳು ಪ್ರಚೋದನೆಗೊಳ್ಳುತ್ತವೆ ಮತ್ತು ನಾಳದಲ್ಲಿ ನಿಂತಿದ್ದ ದ್ರವ ಹಿಂಡಿ ಹೊರಬರುತ್ತದೆ. ಗಾಳಿ ಊದಿ ಒಣಗಿಸುವುದೂ ಸೂಕ್ತವಲ್ಲ, ತಣ್ಣನೆಯ ಗಾಳಿ ಮೇಲ್ಮೈಯ ಸ್ಥಿತಿಯನ್ನೇ ಬದಲಿಸುತ್ತದೆ. ಗಾಜ್ ತೆಗೆದ ಮೇಲೆ ಒಂದು ಹೆಚ್ಚುವರಿ ಬಿಲ್ಲೆಯನ್ನು ಅದೇ ಜಾಗದಲ್ಲಿ ಐದು ಸೆಕೆಂಡ್ ಇಟ್ಟು ತೆಗೆದು ಎಸೆಯಿರಿ. ಗಾಜ್ ಬಿಟ್ಟುಹೋದ ತೆಳು ಪದರವನ್ನು ಈ ಬಿಲ್ಲೆ ಹೀರಿಕೊಳ್ಳುತ್ತದೆ. ಕೈಪಿಡಿಗಳಲ್ಲಿ ಈ ಹಂತವನ್ನು ಒಂದೇ ಸಾಲಿನಲ್ಲಿ ದಾಟಿಬಿಡುವುದುಂಟು, ಆದರೆ ಮೇಲೆ ಹೇಳಿದ 0.5 ಮೈಕ್ರೋಲೀಟರಿನ ಲೆಕ್ಕವನ್ನು ನೆನೆದರೆ ಇದೇ ಪರೀಕ್ಷೆಯ ಹೃದಯವೆಂಬುದು ತಿಳಿಯುತ್ತದೆ.

ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ಜಾಗ ಮಂಕಾಗಿ ಕಾಣುತ್ತಿದೆಯೇ ಎಂದು ನೋಡಿ. ಹೊಳಪು ಉಳಿದಿದ್ದರೆ ಒಣಗಿಸುವ ಕೆಲಸ ಮುಗಿದಿಲ್ಲ. ಮಂಕಾದ ಕೂಡಲೇ ತೂಗಿಟ್ಟ ಬಿಲ್ಲೆಯನ್ನು ಚಿಮುಟದಿಂದ ಇಟ್ಟು, ಅಂಚುಗಳು ಮೇಲೇಳದಂತೆ ಹಗುರಾಗಿ ಕೂರಿಸಿ, ಸ್ಟಾಪ್‌ವಾಚ್ ಒತ್ತಿ. 30 ಸೆಕೆಂಡ್ ತುಂಬಿದೊಡನೆ ಬಿಲ್ಲೆಯನ್ನು ಎತ್ತಿ ನೇರವಾಗಿ ಕೊಳವೆಗೆ ಹಾಕಿ ಮುಚ್ಚಿ. ಎತ್ತುವಾಗ ಅಕ್ಕಪಕ್ಕಕ್ಕೆ ಎಳೆದರೆ ಹೊರಗಿನ ತೇವವೂ ಅಂಟುತ್ತದೆ. ಈ ಅರ್ಧ ನಿಮಿಷದಲ್ಲಿ ಬಿಲ್ಲೆಯನ್ನು ಗಮನಿಸಿದರೆ ಗ್ರಂಥಿಗಳ ಬಾಯಿರುವಲ್ಲೆಲ್ಲ ಕಾಗದ ಚುಕ್ಕೆ ಚುಕ್ಕೆಯಾಗಿ ಕಪ್ಪಿಡುತ್ತಾ, ಚುಕ್ಕೆಗಳು ಹಿಗ್ಗಿ ಒಂದನ್ನೊಂದು ಕೂಡುವುದು ಕಾಣಿಸುತ್ತದೆ. ತೇವ ಹೀಗೆ ಒಳಗಿನ ಚುಕ್ಕೆಗಳಿಂದ ಹರಡಿದರೆ ಅದು ಗ್ರಂಥಿಯದ್ದು. ಒಂದು ಅಂಚಿನಿಂದ ಒಳಕ್ಕೆ ನುಗ್ಗಿ ಬಂದರೆ ಅದು ಹೊರಗಿನಿಂದ ಸೋರಿದ ಜೊಲ್ಲು, ಆ ಬಿಲ್ಲೆಯನ್ನು ಹಿಂಜರಿಯದೆ ತಿರಸ್ಕರಿಸಿ.

ಬಿಲ್ಲೆ ಪೂರ್ತಿ ನೆನೆದುಹೋದರೂ ಓದು ನಂಬಲರ್ಹವಲ್ಲ, ಕಾರಣ ಹೆಚ್ಚಿನ ದ್ರವ ಹೀರಲ್ಪಡದೆ ಹೊರಗೆ ಉಳಿದಿರುತ್ತದೆ. ಅಂಥ ಜಾಗದಲ್ಲಿ ಅವಧಿಯನ್ನು 15 ಸೆಕೆಂಡಿಗೆ ಇಳಿಸಿ. ನಿಮ್ಮ ಕಾಗದ ಎಷ್ಟನ್ನು ನಿಜವಾಗಿ ಹಿಡಿಯುತ್ತದೆಂಬುದನ್ನು ಮೈಕ್ರೋಪಿಪೆಟ್‌ನಿಂದ 0.5, 1, 2, 3 ಮೈಕ್ರೋಲೀಟರ್ ನೀರು ಹಾಕಿ ತೂಗಿ ಮೊದಲೇ ಖಚಿತಪಡಿಸಿಕೊಳ್ಳಬಹುದು. ಇದಕ್ಕೆ ವಿರುದ್ಧವಾಗಿ, ಬಾಯಿ ತೀರಾ ಒಣಗಿದವರಲ್ಲಿ ಕಾಗದ ಲೋಳೆಪೊರೆಗೆ ಅಂಟಿಕೊಳ್ಳಬಹುದು. ಆಗ ಕೀಳದೆ, ಒಂದು ಹನಿ ನೀರು ಬಿಟ್ಟು ಸಡಿಲಿಸಿ ತೆಗೆಯಿರಿ. ಓದು ಹೋದರೆ ಹೋಗಲಿ, ನೊಂದ ಬಾಯಿಯನ್ನು ಮತ್ತೆ ನೋಯಿಸಬಾರದು.

ಲೆಕ್ಕ ಸರಳ. ಜೊಲ್ಲಿನ ಸಾಂದ್ರತೆಯನ್ನು ನೀರಿನಷ್ಟೇ ಎಂದು ಹಿಡಿದು 1 ಮಿಲಿಗ್ರಾಂಗೆ 1 ಮೈಕ್ರೋಲೀಟರ್ ಎಂದು ಪರಿಗಣಿಸುತ್ತಾರೆ. ಕೊಳವೆ ಮತ್ತು ಬಿಲ್ಲೆಯ ತೂಕ ಮೊದಲು 1246.32 ಮಿಲಿಗ್ರಾಂ, ನಂತರ 1247.09 ಮಿಲಿಗ್ರಾಂ ಎಂದಿರಲಿ. ವ್ಯತ್ಯಾಸ 0.77. ಖಾಲಿ ಬಿಲ್ಲೆ 0.02 ಮಿಲಿಗ್ರಾಂ ಹೆಚ್ಚಿದ್ದರೆ ಅದನ್ನು ಕಳೆದು ಉಳಿಯುವುದು 0.75, ಅಂದರೆ 30 ಸೆಕೆಂಡಿನಲ್ಲಿ 0.75 ಮೈಕ್ರೋಲೀಟರ್, ಒಂದು ನಿಮಿಷಕ್ಕೆ 1.5. ಇದನ್ನು 0.50 ಚದರ ಸೆಂ.ಮೀ.ನಿಂದ ಭಾಗಿಸಿದರೆ ಪ್ರತಿ ಚದರ ಸೆಂ.ಮೀ.ಗೆ ನಿಮಿಷಕ್ಕೆ 3.0 ಮೈಕ್ರೋಲೀಟರ್ ಎಂಬ ಫಲಿತಾಂಶ ಸಿಗುತ್ತದೆ. ಈ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಮಾತ್ರ.

ಪ್ರತಿ ಜಾಗದಲ್ಲೂ ಎರಡು ನಿಮಿಷಗಳ ಬಿಡುವು ಕೊಟ್ಟು, ತುಟಿಯನ್ನು ಸಹಜ ಸ್ಥಿತಿಗೆ ಮರಳಿಸಿ, ಪ್ರತಿ ಸಲವೂ ಒಣಗಿಸುವ ಹಂತದಿಂದಲೇ ಆರಂಭಿಸಿ ಮೂರು ಓದುಗಳನ್ನು ತೆಗೆದುಕೊಳ್ಳಿ. ಮೂರರ ನಡುವಿನದನ್ನು ಫಲಿತಾಂಶವೆಂದು ಬರೆದರೂ ಮೂರನ್ನೂ ದಾಖಲೆಯಲ್ಲಿ ಇಡಿ. ಓದುಗಳು ಒಂದೊಂದಾಗಿ ಇಳಿಯುತ್ತಾ ಹೋದರೆ ಮೊದಲನೆಯದರಲ್ಲಿ ಹಳೆಯ ಪದರ ಉಳಿದಿತ್ತೆಂದು ಸಂಶಯಪಡಬೇಕು.

ಪೆರಿಯೋಟ್ರಾನ್ ಬಳಸುವುದಾದರೆ

ವಸಡಿನ ಸಂದಿಯ ದ್ರವವನ್ನು ಅಳೆಯಲೆಂದು ರೂಪುಗೊಂಡ ಪೆರಿಯೋಟ್ರಾನ್ ಎಂಬ ಉಪಕರಣ ಈ ಕೆಲಸಕ್ಕೂ ಒದಗುತ್ತದೆ. ತೇವ ಹೀರಿದ ಕಾಗದವನ್ನು ಅದರ ಎರಡು ಲೋಹದ ದವಡೆಗಳ ನಡುವೆ ಇಟ್ಟಾಗ ಉಂಟಾಗುವ ವಿದ್ಯುತ್ ಗುಣದ ಬದಲಾವಣೆಯನ್ನು ಅದು ಒಂದು ಅಂಕಿಯಾಗಿ ತೋರಿಸುತ್ತದೆ. ಜೊಲ್ಲಿಗೆ ಸಯಾಲೋಪೇಪರ್ ಎಂಬ ದುಂಡು ಬಿಲ್ಲೆಗಳಿವೆ. ಫಲಿತಾಂಶ ಕೂಡಲೇ ಸಿಗುವುದು, ಆವಿಯಾಗಿ ಹೋಗುವ ನಷ್ಟ ಕಡಿಮೆಯಾಗುವುದು ಇದರ ದೊಡ್ಡ ಲಾಭ.

ಆದರೆ ಅದು ತೋರಿಸುವ ಅಂಕಿ ಮೈಕ್ರೋಲೀಟರ್ ಅಲ್ಲ ಎಂಬುದನ್ನು ಮರೆಯಬಾರದು. ತಿಳಿದಿರುವ ಪ್ರಮಾಣಗಳನ್ನು ಪಿಪೆಟ್‌ನಿಂದ ಕಾಗದಕ್ಕೆ ಹಾಕಿ, ಪ್ರತಿಯೊಂದರ ಅಂಕಿಯನ್ನು ಬರೆದುಕೊಂಡು, ಮಾಪನರೇಖೆಯನ್ನು ನೀವೇ ಎಳೆಯಬೇಕು. ರೇಖೆ ಮೇಲಿನ ತುದಿಯಲ್ಲಿ ಬಾಗುವುದರಿಂದ ನಿಮ್ಮ ಓದುಗಳು ಬೀಳುವ ಕೆಳಗಿನ ವ್ಯಾಪ್ತಿಯಲ್ಲಿ ಬಿಂದುಗಳು ಹೆಚ್ಚಿರಲಿ. ಸಾಧ್ಯವಾದಲ್ಲಿ ಶುದ್ಧ ನೀರಿಗಿಂತ ಜೊಲ್ಲನ್ನೇ ಮಾಪನಕ್ಕೆ ಬಳಸಿ, ಲವಣ ಮತ್ತು ಪ್ರೋಟೀನುಗಳಿಂದ ವಿದ್ಯುತ್ ಗುಣ ಬದಲಾಗುತ್ತದೆ. ಪ್ರತಿ ಓದಿಗೂ ಮುಂಚೆ ದವಡೆಗಳನ್ನು ಒರೆಸಿ ಒಣಗಿಸಿ, ಒಣ ಕಾಗದವಿಟ್ಟು ಸೊನ್ನೆಗೆ ತನ್ನಿ. ಒಣಗಿಸುವ, ಬೇರ್ಪಡಿಸುವ, ಮೊದಲ ಬಿಲ್ಲೆಯನ್ನು ಎಸೆಯುವ ಕ್ರಮವೆಲ್ಲ ತೂಕದ ವಿಧಾನದಲ್ಲಿದ್ದಂತೆಯೇ.

ಇದೇ ಉಪಕರಣದಿಂದ ಒಣಗಿಸದ ಮೇಲ್ಮೈಯ ಮೇಲೆ ಐದು ಸೆಕೆಂಡ್ ಕಾಗದವಿಟ್ಟು ಉಳಿಕೆ ಪದರದ ದಪ್ಪವನ್ನೂ ಅಳೆಯಬಹುದು. ಅದು ಬೇರೆಯೇ ಪ್ರಶ್ನೆಗೆ ಉತ್ತರ. ಪದರದ ದಪ್ಪ ಆ ಜಾಗ ಎಷ್ಟು ತೇವವಾಗಿದೆಯೆಂದು ಹೇಳುತ್ತದೆ, ಸ್ರಾವದ ದರ ಅಲ್ಲಿನ ಗ್ರಂಥಿ ಎಷ್ಟು ದುಡಿಯುತ್ತಿದೆಯೆಂದು ಹೇಳುತ್ತದೆ. ಎರಡನ್ನೂ ಒಂದೇ ಕೋಷ್ಟಕದ ಒಂದೇ ಕಂಬದಲ್ಲಿ ಬೆರೆಸಬೇಡಿ.

ಕಣ್ಣಿನಿಂದ ನೋಡುವ ಪರೀಕ್ಷೆಗಳು

ತಕ್ಕಡಿಯೂ ಯಂತ್ರವೂ ಇಲ್ಲದ ಕಡೆ ಕೆಳತುಟಿಯನ್ನು ಮಡಚಿ, ಗಾಜ್ ಬಟ್ಟೆಯಿಂದ ಒತ್ತಿ ಒಣಗಿಸಿ, ಒಳ್ಳೆಯ ಬೆಳಕಿನಲ್ಲಿ ನಾಳಗಳ ಬಾಯಲ್ಲಿ ಹನಿ ಮೂಡಲು ಹಿಡಿಯುವ ಹೊತ್ತನ್ನು ಗುರುತಿಸಬಹುದು. ಭೂತಗನ್ನಡಿ ಇದ್ದರೆ ಅನುಕೂಲ. 60 ಸೆಕೆಂಡ್ ಕಳೆದರೂ ಹನಿ ಕಾಣದಿದ್ದರೆ ವಿಶ್ರಾಂತ ಸ್ರಾವ ಕಡಿಮೆಯೆಂದು ಪರಿಗಣಿಸುವುದು ರೂಢಿ. ಇದು ಅಳತೆಯಲ್ಲ, ಸೂಚನೆ. ಆದರೂ ಮುಂದಿನ ಪರೀಕ್ಷೆ ಯಾರಿಗೆ ಬೇಕೆಂದು ತೀರ್ಮಾನಿಸಲು ಇದು ನಿಜಕ್ಕೂ ಉಪಯುಕ್ತ.

ಎಷ್ಟು ಗ್ರಂಥಿಗಳು ಕೆಲಸ ಮಾಡುತ್ತಿವೆ ಎಂದು ಎಣಿಸಬೇಕಿದ್ದರೆ ಅಯೋಡಿನ್ ಮತ್ತು ಪಿಷ್ಟದ ವಿಧಾನವಿದೆ. ಒಣಗಿಸಿದ ಲೋಳೆಪೊರೆಗೆ ಅಯೋಡಿನ್ ದ್ರಾವಣವನ್ನು ತೆಳುವಾಗಿ ಹಚ್ಚಿ, ಅದು ಆರಿದ ಮೇಲೆ ಪಿಷ್ಟ ಲೇಪಿಸಿದ ಕಾಗದವನ್ನು ಇಟ್ಟರೆ, ನೀರಿನಂಶ ಸೋಕಿದಲ್ಲಿ ಮಾತ್ರ ಎರಡೂ ಕೂಡಿ ಕಡುನೀಲಿ ಚುಕ್ಕೆಗಳು ಮೂಡುತ್ತವೆ. ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಕೂಡಲೇ ಛಾಯಾಚಿತ್ರ ತೆಗೆಯಿರಿ, ತಡವಾದರೆ ಚುಕ್ಕೆಗಳು ಬೆರೆತು ಎಣಿಕೆ ಅಸಾಧ್ಯವಾಗುತ್ತದೆ. ಅಯೋಡಿನ್ ಒಗ್ಗದವರಿಗೆ ಈ ವಿಧಾನವನ್ನು ಬಳಸಲೇಬಾರದು.

ಅಂಕಿಯನ್ನು ಓದುವಾಗ

ಕೆನ್ನೆಯಲ್ಲಿ ಹೆಚ್ಚು, ತುಟಿಯಲ್ಲಿ ಮಧ್ಯಮ, ಅಂಗುಳದಲ್ಲಿ ಕಡಿಮೆ ಎಂಬ ಕ್ರಮವನ್ನು ಸಾಮಾನ್ಯವಾಗಿ ನಿರೀಕ್ಷಿಸಬಹುದು. ಆರೋಗ್ಯವಂತರ ನಡುವೆಯೂ ಓದುಗಳು ಬಹಳ ಹರಡಿಕೊಂಡಿರುತ್ತವೆ. ಒಟ್ಟು ಜೊಲ್ಲಿಗೆ ಇರುವಂತೆ, ಅಂದರೆ ಪ್ರಚೋದನೆಯಿಲ್ಲದೆ ನಿಮಿಷಕ್ಕೆ 0.1 ಮಿ.ಲೀ.ಗಿಂತ ಕಡಿಮೆಯಾದರೆ ಕೊರತೆ ಎನ್ನುವಂತೆ, ಎಲ್ಲರೂ ಒಪ್ಪಿದ ಒಂದೇ ಗಡಿ ಕಿರು ಗ್ರಂಥಿಗಳಿಗಿಲ್ಲ. ಆದ್ದರಿಂದ ಬೇರೊಬ್ಬರ ಪ್ರಕಟಿತ ಸರಾಸರಿಯ ಪಕ್ಕದಲ್ಲಿ ನಿಮ್ಮ ಓದನ್ನಿಟ್ಟು ತೀರ್ಪು ಕೊಡುವುದಕ್ಕಿಂತ, ನಿಮ್ಮದೇ ಕಾಗದ, ಕೋಣೆ ಮತ್ತು ಕೈಯಿಂದ ಆರೋಗ್ಯವಂತರನ್ನು ಅಳೆದು ಹೋಲಿಕೆಯ ಗುಂಪನ್ನು ಕಟ್ಟಿಕೊಳ್ಳುವುದು ಹೆಚ್ಚು ಪ್ರಾಮಾಣಿಕ. ಒಬ್ಬರನ್ನೇ ಚಿಕಿತ್ಸೆಗೆ ಮುಂಚೆ ಮತ್ತು ನಂತರ ಅಳೆದಾಗ ಈ ಪರೀಕ್ಷೆ ತನ್ನ ನಿಜವಾದ ಶಕ್ತಿಯನ್ನು ತೋರಿಸುತ್ತದೆ.

ದೇಹದ ರೋಗನಿರೋಧಕ ವ್ಯವಸ್ಥೆಯೇ ಜೊಲ್ಲು ಮತ್ತು ಕಣ್ಣೀರಿನ ಗ್ರಂಥಿಗಳ ಮೇಲೆ ಎರಗುವ ಶೋಗ್ರೆನ್ ಸಿಂಡ್ರೋಮ್ ಇದೆಯೆಂಬ ಶಂಕೆಯಿರುವಾಗ ತುಟಿಯ ಸ್ರಾವ ಕಡಿಮೆಯಾಗಿರುವುದು ಮಹತ್ವದ ಸುಳಿವಾದರೂ ಅದೊಂದರಿಂದಲೇ ರೋಗನಿರ್ಣಯ ಆಗದು. 2016ರ ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಜಂಟಿ ಮಾನದಂಡದಲ್ಲಿ ಬಾಯಿಯ ಮಟ್ಟಿಗೆ ಅಂಕ ಸಿಗುವುದು ಒಟ್ಟು ಜೊಲ್ಲಿನ ಕೊರತೆಗೆ ಮತ್ತು ತುಟಿಯ ಗ್ರಂಥಿಯ ಬಯಾಪ್ಸಿಗೆ, ಅಂದರೆ ಗ್ರಂಥಿಯ ತುಣುಕನ್ನು ಕತ್ತರಿಸಿ ತೆಗೆದು ಮಾಡುವ ಪರೀಕ್ಷೆಗೆ. ಬಯಾಪ್ಸಿಯಲ್ಲಿ 4 ಚದರ ಮಿ.ಮೀ. ಅಂಗಾಂಶಕ್ಕೆ 50 ಅಥವಾ ಹೆಚ್ಚು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿರುವ ಗುಂಪು ಕನಿಷ್ಠ ಒಂದಾದರೂ ಕಾಣಬೇಕು. ಬಯಾಪ್ಸಿ ಆಗಬೇಕಿರುವವರಲ್ಲಿ ಸ್ರಾವವನ್ನು ಅದಕ್ಕೆ ಮುಂಚೆಯೇ ಅಳೆಯಿರಿ, ಏಕೆಂದರೆ ಕತ್ತರಿಸಿದ ಭಾಗ ಮಾಗುವಾಗ ಉಳಿಯುವ ಗಾಯದ ಗುರುತು ಅಲ್ಲಿನ ಮುಂದಿನ ಓದುಗಳನ್ನು ಕೆಡಿಸಬಹುದು. ಬಯಾಪ್ಸಿ ಈಗಾಗಲೇ ಆಗಿದ್ದರೆ ತುಟಿಯ ಇನ್ನೊಂದು ಬದಿಯನ್ನು ಬಳಸಿ, ಯಾವ ಬದಿಯೆಂಬುದನ್ನು ಓದಿನ ಪಕ್ಕದಲ್ಲೇ ಬರೆಯಿರಿ.